ಸ್ಕ್ರಬ್ ಟೈಫಸ್ ಎಲ್ಲಿಗೂ ಹೋಗಿರಲಿಲ್ಲ

ಮಳೆ ಹಿಂದೆ ಸರಿದು ಹುಲ್ಲು ಮೊಣಕಾಲೆತ್ತರ ಬೆಳೆದು ನಿಂತ ತಿಂಗಳುಗಳಲ್ಲಿ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಶಿಮ್ಲಾದಲ್ಲೋ, ಒಡಿಶಾದ ಬರಗಢದಲ್ಲೋ, ತಮಿಳುನಾಡಿನ ಯಾವುದೋ ಜಿಲ್ಲೆಯಲ್ಲೋ ‘ಅಪರೂಪದ ಜ್ವರ’ಕ್ಕೆ ಇಷ್ಟು ಮಂದಿ ಬಲಿ, ಮರೆತೇಹೋಗಿದ್ದ ಸ್ಕ್ರಬ್ ಟೈಫಸ್ ಮತ್ತೆ ತಲೆ ಎತ್ತಿದೆ. ವೈದ್ಯಕೀಯ ನಿಯತಕಾಲಿಕೆಗಳ ಭಾಷೆ ಇನ್ನಷ್ಟು ಗಂಭೀರ, ಆದರೆ ಮಾತು ಅದೇ: ಇದು ಭಾರತದಲ್ಲಿ ‘ಮರುಕಳಿಸುತ್ತಿರುವ’ ರೋಗ. ಇಪ್ಪತ್ತು ವರ್ಷಗಳಿಂದ ಈ ವಿಷಯದ ಎಷ್ಟೋ ಪ್ರಬಂಧಗಳು ಶುರುವಾಗುವುದೇ ಹೀಗೆ. ಒಂದು ರೋಗ ಇಪ್ಪತ್ತು ವರ್ಷ ಮರುಕಳಿಸುತ್ತಲೇ ಇರುವುದು ಹೇಗೆ? ಅದು ಹೋಗಿದ್ದಾದರೂ ಯಾವಾಗ?

ಹೋಗಿರಲೇ ಇಲ್ಲ ಎನ್ನುವುದು ನನ್ನ ವಾದ. ಬದಲಾದದ್ದು ಮುಖ್ಯವಾಗಿ ನಮ್ಮ ಔಷಧದ ಚೀಟಿ ಮತ್ತು ನಮ್ಮ ಪ್ರಯೋಗಾಲಯ. ‘ಮರಳಿ ಬಂತು’ ಎಂಬ ಕಥೆ ಕೇಳಲು ರೋಚಕ, ಜೊತೆಗೆ ಎಲ್ಲರಿಗೂ ಅನುಕೂಲ. ಬಂದದ್ದಾದರೆ ತಪ್ಪು ಪ್ರಕೃತಿಯದು; ಇದ್ದದ್ದೇ ಆದರೆ ಕಾಣದೆ ಹೋದವರು ಯಾರು ಎಂದು ಕೇಳಬೇಕಾಗುತ್ತದೆ.

ಮೊದಲು ಕಾಯಿಲೆಯ ಪರಿಚಯ. ರಿಕೆಟ್ಸಿಯಾ ಗುಂಪಿನ ಬ್ಯಾಕ್ಟೀರಿಯಾಗಳು ಜೀವಕೋಶದ ಒಳಗೆ ಮಾತ್ರ ಬದುಕಬಲ್ಲವು. ಮನುಷ್ಯನ ತನಕ ತಲುಪಲು ಅವುಗಳಿಗೆ ಕಚ್ಚುವ ಜೀವಿಯೊಂದು ಬೇಕು. ಉಣ್ಣೆಯಿಂದ ಮೈಮೇಲೆ ಗಂಧೆಯೇಳುವ ಸ್ಪಾಟೆಡ್ ಫೀವರ್, ಇಲಿಯ ಚಿಗಟದಿಂದ ಮ್ಯೂರಿನ್ ಟೈಫಸ್, ಹೇನಿನಿಂದ ಯುದ್ಧಕಾಲದ ಕುಖ್ಯಾತ ಟೈಫಸ್. ನಾಲ್ಕನೆಯದು ನುಸಿಯಿಂದ ಬರುವ ಸ್ಕ್ರಬ್ ಟೈಫಸ್. ಇದರ ಬ್ಯಾಕ್ಟೀರಿಯಾವನ್ನು 1995ರಲ್ಲಿ ರಿಕೆಟ್ಸಿಯಾ ಕುಲದಿಂದ ಬೇರ್ಪಡಿಸಿ ಓರಿಯೆಂಟಿಯಾ ಎಂಬ ಹೊಸ ಕುಲಕ್ಕೆ ಸೇರಿಸಿದರು. ಕಚ್ಚುವುದು ದೊಡ್ಡ ನುಸಿಯಲ್ಲ, ಅದರ ಮರಿ; ಅದೂ ಬದುಕಿನಲ್ಲಿ ಸಾಮಾನ್ಯವಾಗಿ ಒಂದೇ ಸಲ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟಿರುವ ಕೆಂಬಣ್ಣದ ಆ ಮರಿ ಕಚ್ಚಿದ್ದು ನೋವೂ ಆಗುವುದಿಲ್ಲ, ನೆನಪಿನಲ್ಲೂ ಉಳಿಯುವುದಿಲ್ಲ. ಒಂದೆರಡು ವಾರ ಕಳೆದು ಜ್ವರ, ತಲೆ ಸಿಡಿತ, ಮೈಕೈ ನೋವು. ಬ್ಯಾಕ್ಟೀರಿಯಾ ರಕ್ತನಾಳಗಳ ಒಳಪದರವನ್ನೇ ಹಿಡಿಯುವುದರಿಂದ ನಾಳಗಳು ಸೋರತೊಡಗುತ್ತವೆ. ಐದಾರು ದಿನ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಒಂದೊಂದಾಗಿ ತೊಂದರೆಗೆ ಸಿಕ್ಕುತ್ತವೆ. ಪ್ಲೇಟ್‌ಲೆಟ್ ಇಳಿಯುತ್ತದೆ, ಲಿವರ್ ಪರೀಕ್ಷೆಯ ಅಂಕಿ ಏರುತ್ತದೆ. ಈ ವರದಿ ಕೈಗೆ ಬಂದ ಕೂಡಲೇ ‘ಡೆಂಗಿ ಇರಬೇಕು’ ಎನ್ನುತ್ತಾರೆ. ಮನೆಯವರು ಪಪ್ಪಾಯಿ ಎಲೆ ಹುಡುಕಲು ಹೊರಡುತ್ತಾರೆ.

ಇದಕ್ಕೆ ಮದ್ದಿದೆ. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಸಕಾಲಕ್ಕೆ ಬಿದ್ದರೆ ಸಾಮಾನ್ಯವಾಗಿ ನಲವತ್ತೆಂಟು ಗಂಟೆಗಳಲ್ಲಿ ಜ್ವರ ಇಳಿಯುತ್ತದೆ. ಮದ್ದೇ ಇಲ್ಲದ ಕಾಯಿಲೆಯನ್ನು ಗುರುತಿಸದೆ ಬಿಟ್ಟರೆ ಹೋಗಲಿ ಎನ್ನಬಹುದು. ಇದನ್ನು ಗುರುತಿಸದಿರುವುದು ಬೇರೆ ತೂಕದ ಲೋಪ.

‘ಮರೆಯಾಗಿತ್ತು’ ಎನ್ನುವ ಕಾಲದತ್ತ ಈಗ ನೋಡೋಣ. ಮೊದಲ ಮಹಾಯುದ್ಧದ ವೇಳೆಗೆ ಇಂಡಿಯನ್ ಮೆಡಿಕಲ್ ಸರ್ವೀಸಿನ ಜಾನ್ ಮೆಗಾ ಎಂಬ ವೈದ್ಯ ಕುಮಾವೂಂ ಬೆಟ್ಟಗಳಲ್ಲಿ ಉಣ್ಣೆ ಕಚ್ಚಿಸಿಕೊಂಡು ಜ್ವರ ಬಿದ್ದು, ಈ ದೇಶದಲ್ಲಿ ಟೈಫಸ್ಸಿನಂಥ ಜ್ವರವೊಂದು ಉಣ್ಣೆಯಿಂದ ಬರುತ್ತಿರಬಹುದೆಂದು ತನ್ನ ಮೈಮೇಲಿನ ಅನುಭವವನ್ನೇ ಸಾಕ್ಷಿಯಾಗಿಟ್ಟು ಬರೆದ. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂ–ಬರ್ಮಾ ಗಡಿಯ ಸೈನಿಕರನ್ನು ಸ್ಕ್ರಬ್ ಟೈಫಸ್ ಸಾಲುಸಾಲಾಗಿ ಮಲಗಿಸಿತು. ಇವತ್ತಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಮಾದರಿಯಾಗಿ ಬಳಸುವ ಗಿಲಿಯಮ್ ತಳಿ 1943ರಲ್ಲಿ ಸಿಕ್ಕಿದ್ದು ಆ ಗಡಿಯ ರೋಗಿಯೊಬ್ಬನಿಂದಲೇ. ಅಂದರೆ ಸ್ವಾತಂತ್ರ್ಯದ ಹೊತ್ತಿಗೆ ಈ ಗುಂಪಿನ ಕಾಯಿಲೆಗಳು ಇಲ್ಲಿವೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆಮೇಲೆ ನಡೆದದ್ದು ಸ್ವಾರಸ್ಯಕರ. 1948ರಲ್ಲಿ ಜೋಸೆಫ್ ಸ್ಮಾಡೆಲ್ ನೇತೃತ್ವದ ಅಮೆರಿಕನ್ ತಂಡ ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧವನ್ನು ಸ್ಕ್ರಬ್ ಟೈಫಸ್ ರೋಗಿಗಳ ಮೇಲೆ ಪರೀಕ್ಷಿಸಲು ಕ್ವಾಲಾಲಂಪುರಕ್ಕೆ ಹೋಯಿತು. ಔಷಧ ಕೆಲಸ ಮಾಡಿತು. ಸ್ಕ್ರಬ್ ಟೈಫಸ್ ಎಂದುಕೊಂಡು ಔಷಧ ಕೊಟ್ಟ ಕೆಲವರಿಗೆ ನಿಜವಾಗಿ ಇದ್ದದ್ದು ಟೈಫಾಯ್ಡ್ ಎಂದು ಆಮೇಲೆ ತಿಳಿಯಿತು, ಅವರೂ ಚೇತರಿಸಿಕೊಂಡರು. ಟೈಫಾಯ್ಡಿಗೆ ಜಗತ್ತಿನ ಮೊದಲ ಪರಿಣಾಮಕಾರಿ ಔಷಧ ದೊರೆತದ್ದು ಹೀಗೆ, ರೋಗ ತಪ್ಪಾಗಿ ಗುರುತಿಸಿದ್ದರಿಂದ. ಆ ತಪ್ಪನ್ನು ನಾವು ತಿರುಗಿಸಿಟ್ಟು ಈಗಲೂ ಮಾಡುತ್ತಿದ್ದೇವೆ: ಟೈಫಸ್ ರೋಗಿಯನ್ನು ಟೈಫಾಯ್ಡ್ ರೋಗಿಯೆಂದು ಮಲಗಿಸುತ್ತೇವೆ. ಕ್ವಾಲಾಲಂಪುರದಲ್ಲಿ ತಪ್ಪು ಗುರುತಿಸಿಕೊಂಡವರು ಉಳಿದರು, ಏಕೆಂದರೆ ಔಷಧ ಎರಡಕ್ಕೂ ಒಂದೇ ಆಗಿತ್ತು. ಈಗ ಹಾಗಿಲ್ಲ.

ನನ್ನ ವಾದದ ತಿರುಳು ಇರುವುದು ಇಲ್ಲೇ. ಐವತ್ತರ ದಶಕದಿಂದ ಸುಮಾರು ನಾಲ್ಕು ದಶಕ ನಮ್ಮ ಊರುಗಳಲ್ಲಿ ಬಿಡದ ಜ್ವರಕ್ಕೆ ವೈದ್ಯರ ಕೈ ತಾನಾಗಿ ಹೋಗುತ್ತಿದ್ದುದು ಕ್ಲೋರಾಂಫೆನಿಕಾಲ್ ಅಥವಾ ಟೆಟ್ರಾಸೈಕ್ಲಿನ್ ಕಡೆಗೆ. ಎರಡೂ ರಿಕೆಟ್ಸಿಯಾಗಳನ್ನು ಕೊಲ್ಲದಿದ್ದರೂ ಬೆಳೆಯಗೊಡುವುದಿಲ್ಲ. ರೋಗಿ ಟೈಫಾಯ್ಡ್ ಎಂದುಕೊಂಡು ಬಂದ, ಟೈಫಾಯ್ಡಿನ ಔಷಧ ತಿಂದ, ಟೈಫಾಯ್ಡ್ ವಾಸಿಯಾಯಿತು ಎಂದುಕೊಂಡು ಮನೆಗೆ ಹೋದ. ಅವನಿಗೆ ಇದ್ದದ್ದು ಸ್ಕ್ರಬ್ ಟೈಫಸ್ ಆಗಿದ್ದರೂ ಯಾರಿಗೂ ಗೊತ್ತಾಗುವ ಪ್ರಸಂಗವೇ ಬರಲಿಲ್ಲ. 1972ರಲ್ಲಿ ಕೇರಳದ ಕಲ್ಲಿಕೋಟೆಯಿಂದ ಕ್ಲೋರಾಂಫೆನಿಕಾಲಿಗೆ ಬಗ್ಗದ ಟೈಫಾಯ್ಡಿನ ವರದಿ ಬಂತು. 1990ರ ಹೊತ್ತಿಗೆ ಹಲವು ಔಷಧಗಳಿಗೆ ಬಗ್ಗದ ಟೈಫಾಯ್ಡ್ ದೇಶದ ತುಂಬ ಹರಡಿತು. ವೈದ್ಯರು ಸಿಪ್ರೊಫ್ಲಾಕ್ಸಸಿನ್‌ಗೆ, ಆಮೇಲೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿಗೆ ಹೊರಳಿದರು. ಟೈಫಾಯ್ಡಿನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಆದರೆ ಸಿಪ್ರೊಫ್ಲಾಕ್ಸಸಿನ್ ಸ್ಕ್ರಬ್ ಟೈಫಸ್ಸಿಗೆ ನಂಬುವಂಥದ್ದಲ್ಲ. ಸೆಫ್ಟ್ರಿಯಾಕ್ಸೋನ್‌ಗೂ ಓರಿಯೆಂಟಿಯಾಗೂ ಸಂಬಂಧವೇ ಇಲ್ಲ. ಜೀವಕೋಶದ ಒಳಗೆ ಕುಳಿತ ಈ ಬ್ಯಾಕ್ಟೀರಿಯಾವನ್ನು ಆ ವರ್ಗದ ಔಷಧಗಳು ಮುಟ್ಟುವುದಿಲ್ಲ. ಮೊದಲು ಹೆಸರಿಲ್ಲದೆ ವಾಸಿಯಾಗುತ್ತಿದ್ದ ಜ್ವರ ಈಗ ಹೆಸರಿಲ್ಲದೆ ಬಿಗಡಾಯಿಸತೊಡಗಿತು.

2000ದ ಆಸುಪಾಸಿನಿಂದ ವರದಿಗಳು ಬರಲಾರಂಭಿಸಿದವು. 2001–02ರ ಚಳಿಗಾಲದಲ್ಲಿ ವೆಲ್ಲೂರಿನಿಂದ, ಮುಂದೆ ಹಿಮಾಚಲದಿಂದ, ಈಶಾನ್ಯದಿಂದ. ಅದೇ ಸುಮಾರಿಗೆ, ರಕ್ತದಲ್ಲಿ ಈ ಬ್ಯಾಕ್ಟೀರಿಯಾದ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲೈಜಾ ಕಿಟ್‌ಗಳೂ ಒಂದೊಂದಾಗಿ ಆಸ್ಪತ್ರೆಗಳಿಗೆ ಬಂದವು. ಕಿಟ್ ಎಲ್ಲಿಗೆ ಬಂತೋ ಅಲ್ಲಿಗೆ ರೋಗವೂ ‘ಬಂತು’. ಭೂಪಟದ ಮೇಲೆ ಸ್ಕ್ರಬ್ ಟೈಫಸ್ ಹರಡಿದ ಚಿತ್ರವೆಂದು ನಾವು ನೋಡುವುದು ಬಹುಪಾಲು ಒಳ್ಳೆಯ ಪ್ರಯೋಗಾಲಯಗಳು ಹರಡಿದ ಚಿತ್ರ.

ಎದುರು ವಾದವಿದೆ, ಅದು ಹಗುರವಾದದ್ದಲ್ಲ. ದಕ್ಷಿಣ ಕೊರಿಯಾದಲ್ಲಿ ರೋಗವನ್ನು ಕಡ್ಡಾಯವಾಗಿ ವರದಿ ಮಾಡುವ ವ್ಯವಸ್ಥೆಯಿದೆ. ಅಲ್ಲಿ ತೊಂಬತ್ತರ ದಶಕದ ನಡುವಿನಲ್ಲಿ ವರ್ಷಕ್ಕೆ ಕೆಲವು ನೂರಿದ್ದ ಪ್ರಕರಣಗಳು 2013ರಲ್ಲಿ ಹತ್ತು ಸಾವಿರ ದಾಟಿದವು. ಚೀನಾದಲ್ಲಿ ದಕ್ಷಿಣದ ರೋಗ ಉತ್ತರಕ್ಕೂ ಹಬ್ಬಿತು. ಕಾಡು ಕಡಿದ ಜಾಗದಲ್ಲಿ ಕುರುಚಲು ಬೆಳೆದರೆ, ಪಾಳುಬಿದ್ದ ಹೊಲದಲ್ಲಿ ಇಲಿ ಹೆಚ್ಚಿದರೆ ನುಸಿಗೂ ಸುಗ್ಗಿ. ನಿಜವಾದ ಏರಿಕೆ ಒಂದಿಷ್ಟು ಇಲ್ಲೂ ಆಗಿರಬಹುದು. ಆದರೆ ಏರಿಕೆ ಎನ್ನಲು ಮೊದಲಿನ ಮಟ್ಟ ಗೊತ್ತಿರಬೇಕಲ್ಲ. ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ನಾವು ಎಣಿಸಲೇ ಇಲ್ಲ. ಎಣಿಸದೆ ಬಿಟ್ಟದ್ದನ್ನು ಸೊನ್ನೆ ಎಂದು ಬರೆದುಕೊಂಡು ಈಗ ಅದರಿಂದ ಏರಿಕೆ ಲೆಕ್ಕ ಹಾಕುವುದು ವಿಜ್ಞಾನವಲ್ಲ.

‘ಅಪರೂಪ’ ಎಂಬ ಇನ್ನೊಂದು ಮಾತಿಗಂತೂ ಆಧಾರವೇ ಉಳಿದಿಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ವೆಲ್ಲೂರಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 18,781 ಖಚಿತ ಪ್ರಕರಣಗಳಿವೆ. ಕಾರಣ ತಿಳಿಯದ ಜ್ವರವೆಂದು ಆಸ್ಪತ್ರೆಗೆ ಬಂದವರಲ್ಲಿ ನೂರಕ್ಕೆ 25.3ರಷ್ಟು ಮಂದಿಗೆ ಇದ್ದದ್ದು ಸ್ಕ್ರಬ್ ಟೈಫಸ್. ರೋಗಿಗಳಲ್ಲಿ ನೂರಕ್ಕೆ 6.3ರಷ್ಟು ಮಂದಿ ಸತ್ತಿದ್ದರು. ಇವು ಆಸ್ಪತ್ರೆಗಳ ಅಂಕಿ, ಅದರಲ್ಲೂ ದೊಡ್ಡ ಆಸ್ಪತ್ರೆಗಳವು, ಹಳ್ಳಿಯ ಚಿತ್ರ ಬೇರೆ ಇರಬಹುದು ಎಂದು ಆಕ್ಷೇಪಿಸುವವರ ಮಾತಿನಲ್ಲಿ ಸತ್ಯವಿತ್ತು. ಅದಕ್ಕೂ ಉತ್ತರ ಬಂತು. ತಮಿಳುನಾಡಿನ 37 ಹಳ್ಳಿಗಳ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನು 2020ರಿಂದ ಎರಡು ವರ್ಷ ಹಿಂಬಾಲಿಸಿದ ವೆಲ್ಲೂರು ಮತ್ತು ಲಂಡನ್ ಸಂಶೋಧಕರ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ವರ್ಷವೊಂದರಲ್ಲಿ ಹಳ್ಳಿಗರ ಪೈಕಿ ನೂರಕ್ಕೆ ಹತ್ತರ ಸಮೀಪದವರೆಗೆ ಸೋಂಕು ತಗುಲುತ್ತದೆ ಎಂಬುದು ಅದರ ತೀರ್ಮಾನ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ಜನಕ್ಕೆ ಜ್ವರ ಬರುತ್ತದೆ. ಅವರಲ್ಲಿ ಕೆಲವರು ಸಾಯುವ ಹಂತ ಮುಟ್ಟುತ್ತಾರೆ. ಅವು ದಟ್ಟ ಕಾಡಿನ ಊರುಗಳೇನಲ್ಲ. ಹೊಲ, ಹಿತ್ತಿಲು, ದನ, ಬಣವೆ ಇರುವ, ನಮ್ಮ ಕೋಲಾರವನ್ನೋ ಚಾಮರಾಜನಗರವನ್ನೋ ಹೋಲುವ ಸೀಮೆ.

ಹೀಗೆ ಸರ್ವೇಸಾಮಾನ್ಯವಾದದ್ದು ಕಾಣದೆ ಹೋಗಲು ದೊಡ್ಡ ಕಾರಣ ಶತಮಾನದಷ್ಟು ಹಳೆಯ ಎರಡು ಪರೀಕ್ಷೆಗಳು. ಟೈಫಾಯ್ಡ್ ಪತ್ತೆಗೆ ಬಳಸುವ ವಿಡಾಲ್ ಪರೀಕ್ಷೆ 1896ರದ್ದು. ಟೈಫಾಯ್ಡ್ ಓಡಾಡುವ ಊರಿನಲ್ಲಿ ಆರೋಗ್ಯವಂತನ ರಕ್ತದಲ್ಲೂ ಅದು ಅಷ್ಟೋ ಇಷ್ಟೋ ಪಾಸಿಟಿವ್ ತೋರಿಸುತ್ತದೆ. ಒಂದು ಸಲದ ವಿಡಾಲ್ ನೋಡಿ ಟೈಫಾಯ್ಡ್ ಎಂದು ತೀರ್ಮಾನಿಸಬಾರದೆಂದು ಪಠ್ಯಪುಸ್ತಕಗಳು ಹೇಳುತ್ತಲೇ ಬಂದಿವೆ, ತಾಲ್ಲೂಕು ಕೇಂದ್ರದ ಲ್ಯಾಬುಗಳು ಅದನ್ನೇ ಮಾಡುತ್ತ ಬಂದಿವೆ. ರಿಕೆಟ್ಸಿಯಾ ಪತ್ತೆಗೆ ಬಳಸುವ ವೈಲ್–ಫೆಲಿಕ್ಸ್ 1916ರದ್ದು. ಅದು ನೇರವಾಗಿ ರಿಕೆಟ್ಸಿಯಾವನ್ನು ಹುಡುಕುವುದೂ ಇಲ್ಲ. ಸಂಬಂಧವೇ ಇಲ್ಲದ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲ್ಮೈಯ ಒಂದಂಶ ಆಕಸ್ಮಿಕವಾಗಿ ರಿಕೆಟ್ಸಿಯಾವನ್ನು ಹೋಲುವುದರಿಂದ ರೋಗಿಯ ರಕ್ತ ಅದಕ್ಕೂ ಅಂಟಿಕೊಳ್ಳುತ್ತದೆ, ಅಷ್ಟೇ. ಇದು ರೋಗಿಗಳಲ್ಲಿ ಅರ್ಧಕ್ಕರ್ಧ ಮಂದಿಯನ್ನು ತಪ್ಪಿಸಿಬಿಡುವ ಪರೀಕ್ಷೆ. ನೆಗೆಟಿವ್ ಎಂದು ಬರೆದ ಆ ಚೀಟಿಯನ್ನು ನಂಬಿ ಡಾಕ್ಸಿಸೈಕ್ಲಿನ್ ನಿಲ್ಲಿಸುವುದು ಪರೀಕ್ಷೆ ಮಾಡದೆ ಇರುವುದಕ್ಕಿಂತ ಅಪಾಯ.

ಈ ಕುರುಡಿನ ಬೆಲೆ ಎಷ್ಟು ಎಂಬುದಕ್ಕೆ ಗೋರಖಪುರ ಸಾಕ್ಷಿ. ಆ ಕಥೆಯನ್ನು ವಿವರವಾಗಿಯೇ ಹೇಳಬೇಕು. ಪೂರ್ವ ಉತ್ತರ ಪ್ರದೇಶದ ಆ ಸೀಮೆಯಲ್ಲಿ 1978ರಿಂದ ಮಳೆಗಾಲ ಬಂತೆಂದರೆ ಮಕ್ಕಳಿಗೆ ಜ್ವರ, ಸೆಳೆತ, ಪ್ರಜ್ಞೆ ತಪ್ಪುವುದು, ಸಾವು. ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರ ಇದಕ್ಕೆ ಕಾರಣ ಎಂದು ಗುರುತಾಯಿತು, ಆಗ ಅದು ನಿಜವೂ ಆಗಿತ್ತು. 2005ರಲ್ಲಿ ಉತ್ತರ ಪ್ರದೇಶದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿ 1,300ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತರು. ದೇಶ ಬೆಚ್ಚಿತು. 2006ರಿಂದ ಚೀನಾದಿಂದ ತರಿಸಿದ ಲಸಿಕೆ ಹಾಕಲಾಯಿತು.

ಲಸಿಕೆ ತನ್ನ ಕೆಲಸ ಮಾಡಿತು, ಆ ವೈರಸ್ಸಿನ ಪಾಲು ಕುಸಿಯಿತು. ಮಕ್ಕಳು ಸಾಯುವುದು ಮಾತ್ರ ನಿಲ್ಲಲಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾರ್ಡುಗಳು ಅದೇ ರೀತಿ ತುಂಬುತ್ತಿದ್ದವು. ಸೊಳ್ಳೆ ಅಲ್ಲದಿದ್ದರೆ ನೀರಿರಬೇಕು ಎಂದರು. ಎಂಟರೊವೈರಸ್ ಮೇಲೆ ಅನುಮಾನ ಹೋಯಿತು. ಆಳದ ಕೈಪಂಪುಗಳನ್ನು ಕೊರೆಸಿದರು. ಶುದ್ಧ ನೀರು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಹತ್ತಿರ ಹತ್ತಿರ ಒಂದು ದಶಕ ಹುಡುಕಾಟವೆಲ್ಲ ವೈರಸ್ಸಿನ ಹಿಂದೆಯೇ ಸುತ್ತಿತು. ಮಿದುಳುಜ್ವರ ಎಂದರೆ ವೈರಸ್, ವೈರಸ್ ಎಂದರೆ ಮದ್ದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ.

2014–16ರ ಹೊತ್ತಿಗೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯ ಮನೋಜ್ ಮುರ್ಹೇಕರ್ ಮತ್ತು ಸಂಗಡಿಗರು, ವೆಲ್ಲೂರಿನ ಸಿಎಂಸಿ ವೈದ್ಯಕೀಯ ಕಾಲೇಜಿನವರು, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವಿ. ರವಿ ಮುಂತಾದವರು ತೊಡಗಿದ ಪರೀಕ್ಷೆಗಳಲ್ಲಿ ಆ ಮಕ್ಕಳ ಪೈಕಿ ನೂರಕ್ಕೆ ಅರವತ್ತರ ಆಸುಪಾಸಿನಲ್ಲಿ ಸ್ಕ್ರಬ್ ಟೈಫಸ್ಸಿನ ಗುರುತು ಸಿಕ್ಕಿತು. ಮದ್ದಿಲ್ಲದ ಕಾಯಿಲೆಯೆಂದು ಕೈಚೆಲ್ಲಿದ್ದ ಜಾಗದಲ್ಲಿ ಮದ್ದಿರುವ ಕಾಯಿಲೆ ಕುಳಿತಿತ್ತು. 2017ರಲ್ಲಿ ಮಾಡಿದ ಮುಂದಿನ ಅಧ್ಯಯನ ಯಾವ ಮಕ್ಕಳಿಗೆ ಅಪಾಯ ಹೆಚ್ಚು ಎಂದು ಹುಡುಕಿತು: ಹೊಲಗದ್ದೆಗಳಲ್ಲಿ ಆಡುವವರು, ಮನೆಯೊಳಗೆ ಸೌದೆ ಒಟ್ಟಿಟ್ಟವರು, ದನದ ಮೇವು ಹೊರುವವರು, ಬಯಲಿಗೆ ಹೋಗುವವರು. ಹಳ್ಳಿಯ ಬಡ ಮನೆಯ ಮಗುವೊಂದರ ಸಾಮಾನ್ಯ ದಿನಚರಿಯೇ ಅದು. ‘ಕಾಡಿಗೆ ಹೋಗಿದ್ದಿರಾ?’ ಎಂದು ಕೇಳಿ ಇಲ್ಲ ಎಂದ ಕೂಡಲೇ ಸ್ಕ್ರಬ್ ಟೈಫಸ್ಸನ್ನು ಪಟ್ಟಿಯಿಂದ ಹೊಡೆದುಹಾಕುವವರು ಈ ಅಧ್ಯಯನವನ್ನು ಓದಬೇಕು.

ಆಮೇಲೆ ಜ್ವರದ ಮಕ್ಕಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ದಿನಗಳಲ್ಲಿ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಕೊಡುವ ಪದ್ಧತಿ ಅಲ್ಲಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಸಾವು ಇಳಿಯಿತು. ಇಳಿಕೆಯ ಕೀರ್ತಿಯನ್ನು ಶೌಚಾಲಯ, ಲಸಿಕೆ, ಆಸ್ಪತ್ರೆ ಸುಧಾರಣೆ ಎಲ್ಲಕ್ಕೂ ಹಂಚಲಾಗುತ್ತದೆ. ಹಂಚಲಿ, ಎಲ್ಲವೂ ಪಾಲುದಾರರೇ. ಭಾಷಣಗಳಲ್ಲಿ ಮಾತ್ರ ಈ ಅಗ್ಗದ ಮಾತ್ರೆಯ ಹೆಸರು ಬರುವುದು ಕಡಿಮೆ. ಉದ್ಘಾಟನೆ ಮಾಡಲು ಅದರಲ್ಲಿ ಏನೂ ಇಲ್ಲವಲ್ಲ.

ಗೋರಖಪುರದ ಪಾಠವನ್ನು ಅತಿಗೆ ಒಯ್ಯುವವರೂ ಇದ್ದಾರೆ. ಐಜಿಎಂ ಪಾಸಿಟಿವ್ ಬಂದದ್ದೆಲ್ಲ ಸ್ಕ್ರಬ್ ಟೈಫಸ್ ಅಲ್ಲ. ಸೋಂಕು ಸಾಮಾನ್ಯವಾಗಿರುವ ಊರಿನಲ್ಲಿ ಹಳೆಯ ಸೋಂಕಿನ ಪ್ರತಿಕಾಯ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿದಿರುತ್ತದೆ. ಹಾಗಾಗಿ ಬೇರೆ ಕಾರಣದಿಂದ ಜ್ವರ ಬಂದವನೂ ಪಾಸಿಟಿವ್ ಆಗಬಹುದು. ವಿಡಾಲ್‌ಗೆ ನಾವು ಮಾಡಿದ ಅಪಚಾರವನ್ನು ಎಲೈಜಾಗೆ ಮಾಡಬಾರದು. ಯಾವ ಅಂಕಿಯ ಮೇಲೆ ಪಾಸಿಟಿವ್ ಎನ್ನಬೇಕು ಎಂಬುದನ್ನು ಆಯಾ ಸೀಮೆಯ ಆರೋಗ್ಯವಂತರ ರಕ್ತ ಪರೀಕ್ಷಿಸಿ ನಿಗದಿ ಮಾಡಬೇಕು. ಕಿಟ್ ಪೆಟ್ಟಿಗೆಯ ಮೇಲೆ ಛಾಪಿಸಿದ್ದನ್ನು ಹಾಗೇ ನಂಬಿದರೆ ಎಡವುತ್ತೇವೆ.

ಪಠ್ಯಪುಸ್ತಕದ ಇನ್ನೆರಡು ಮಾತುಗಳನ್ನೂ ಇಲ್ಲೇ ಮುಟ್ಟಿಬಿಡುತ್ತೇನೆ. ಒಂದು, ‘ತ್ಸುತ್ಸುಗಮುಶಿ ತ್ರಿಕೋನ’. ಜಪಾನ್, ಪಾಕಿಸ್ತಾನ, ಉತ್ತರ ಆಸ್ಟ್ರೇಲಿಯಾಗಳನ್ನು ಕೂಡಿಸಿ ಗೆರೆ ಎಳೆದರೆ ರೋಗ ಅದರೊಳಗೆ ಮಾತ್ರ ಎಂದು ದಶಕಗಳ ಕಾಲ ವಿದ್ಯಾರ್ಥಿಗಳು ಬರೆದರು. 2006ರಲ್ಲಿ ಚಿಲಿಯ ಚಿಲೊಯೆ ದ್ವೀಪದಲ್ಲಿ ಪ್ರಕರಣ ಸಿಕ್ಕಿತು. ಅದೇ ವರ್ಷ ದುಬೈನಿಂದ ಮರಳಿದ ರೋಗಿಯಲ್ಲಿ ಓರಿಯೆಂಟಿಯಾದ ಬೇರೆಯದೇ ಪ್ರಭೇದ ಕಂಡಿತು. ಆ ತ್ರಿಕೋನ ಹೆಚ್ಚಾಗಿ ಸೈನ್ಯಗಳು ಕಾದಾಡಿದ, ಸೈನ್ಯದ ವೈದ್ಯರು ಹುಡುಕಿದ ಜಾಗಗಳ ನಕ್ಷೆ. ಎರಡು, ಕಪ್ಪು ಹೊಪ್ಪಳೆ. ಮರಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಾಣುವ, ನೋವಿಲ್ಲದ ಕರಿ ಹೊಪ್ಪಳೆ ಕಂಡರೆ ರೋಗ ಖಚಿತವಾದಂತೆಯೇ. ಕಾಣದಿದ್ದರೆ ರೋಗವಿಲ್ಲ ಎಂದು ಯಾರು ಹೇಳಿದರೋ ತಿಳಿಯದು, ಆದರೆ ಬಹಳ ವೈದ್ಯರು ಹಾಗೇ ನಡೆದುಕೊಳ್ಳುತ್ತಾರೆ. ವೆಲ್ಲೂರಿನಲ್ಲಿ 418 ರೋಗಿಗಳನ್ನು ತಲೆಯಿಂದ ಕಾಲಿನವರೆಗೆ ಹುಡುಕಿದಾಗಲೂ ಹೊಪ್ಪಳೆ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಯಲ್ಲಿ. ಗಂಡಸರಲ್ಲಿ ಕಂಕುಳು, ತೊಡೆಸಂದು. ಹೆಂಗಸರಲ್ಲಿ ಎದೆಯ ಭಾಗ, ಹೊಟ್ಟೆ. ಬಟ್ಟೆ ಸರಿಸದೆ ಕಾಣುವ ಜಾಗ ಇವಲ್ಲ. ನಾಡಿ ಹಿಡಿದು ಕಣ್ಣು ಬಿಡಿಸಿ ನೋಡಿ ಚೀಟಿ ಬರೆಯುವ ಹೊರರೋಗಿ ವಿಭಾಗದಲ್ಲಿ, ಮಹಿಳಾ ಸಿಬ್ಬಂದಿಯಿಲ್ಲದ ಕೋಣೆಯಲ್ಲಿ, ಸೀರೆ ಉಟ್ಟ ರೈತ ಮಹಿಳೆಯೊಬ್ಬಳ ಎದೆಯ ಕೆಳಗಿನ ಹೊಪ್ಪಳೆ ಯಾರ ಕಣ್ಣಿಗೆ ಬೀಳಬೇಕು? ಹೊಲದಲ್ಲಿ ಕಳೆ ಕೀಳುವವಳು, ಹುಲ್ಲು ಕೊಯ್ಯುವವಳು ಅವಳೇ. ನುಸಿಗೆ ಹೆಚ್ಚು ಸಿಗುವವಳು ಪರೀಕ್ಷೆಗೆ ಕಡಿಮೆ ಸಿಗುತ್ತಾಳೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಗಟ್ಟಿ ನಂಬಿಕೆ ಅಡ್ಡ ನಿಂತಿದೆ. ಎಂಟು ವರ್ಷದೊಳಗಿನವರಿಗೆ ಡಾಕ್ಸಿಸೈಕ್ಲಿನ್ ಕೊಡಬಾರದು, ಹಲ್ಲು ಹಳದಿಯಾಗುತ್ತದೆ ಎಂಬುದು. ಹಳೆಯ ಟೆಟ್ರಾಸೈಕ್ಲಿನ್ ವಿಷಯದಲ್ಲಿ ಅದು ಸತ್ಯ. ಡಾಕ್ಸಿಸೈಕ್ಲಿನ್ ಅದೇ ಕುಟುಂಬದ್ದಾದರೂ ಕ್ಯಾಲ್ಸಿಯಂಗೆ ಅಷ್ಟು ಅಂಟುವುದಿಲ್ಲ. ಉಣ್ಣೆಯ ರಾಕಿ ಮೌಂಟನ್ ಜ್ವರ ಮಕ್ಕಳನ್ನು ಕೊಲ್ಲುತ್ತಿದ್ದ ಅಮೆರಿಕದ ಮೂಲನಿವಾಸಿ ಸಮುದಾಯವೊಂದರಲ್ಲಿ, ಚಿಕ್ಕ ವಯಸ್ಸಿನಲ್ಲಿ ಡಾಕ್ಸಿಸೈಕ್ಲಿನ್ ತಿಂದಿದ್ದ 58 ಮಕ್ಕಳ ಹಲ್ಲನ್ನು ದಂತವೈದ್ಯರು ನೋಡಿದರು. ಕಲೆ ಕಾಣಲಿಲ್ಲ. 2015ರಲ್ಲಿ ಅದು ಪ್ರಕಟವಾಯಿತು. 2018ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 21 ದಿನಗಳವರೆಗಿನ ಚಿಕಿತ್ಸೆಗೆ ವಯಸ್ಸಿನ ನಿರ್ಬಂಧವನ್ನೇ ತೆಗೆದುಹಾಕಿತು. 58 ಸಣ್ಣ ಸಂಖ್ಯೆಯೇ. ಆದರೆ ಒಂದು ಕಡೆ ಮಗುವಿನ ಹಲ್ಲಿನ ಬಣ್ಣ, ಇನ್ನೊಂದು ಕಡೆ ಮಗು. ಇಲ್ಲಿ ತಕ್ಕಡಿ ಹಿಡಿಯುವ ಅಗತ್ಯವೇ ಇಲ್ಲ.

ಜ್ವರ ಬಂದವರಿಗೆಲ್ಲ ಡಾಕ್ಸಿಸೈಕ್ಲಿನ್ ಹಂಚಿದರೆ ಔಷಧ ನಿರೋಧ ಬೆಳೆಯುವುದಿಲ್ಲವೇ ಎಂಬ ಆತಂಕ ನ್ಯಾಯವಾದದ್ದು. ನೆಗಡಿಗೂ ಸೆಫ್ಟ್ರಿಯಾಕ್ಸೋನ್ ಚುಚ್ಚುವವರ ಬಾಯಲ್ಲಿ ಅದನ್ನು ಕೇಳಿದಾಗ ಮಾತ್ರ ನಗು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ, ಲಕ್ಷಣ ನೋಡಿ ಅನುಮಾನ ಬಂದರೆ ಲ್ಯಾಬ್ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ತಡವಾದಷ್ಟೂ ಮಾತ್ರೆಯ ಬಲ ಕುಂದುತ್ತದೆ. ಭಾರತದ ಆಸ್ಪತ್ರೆಗಳಲ್ಲೇ ನಡೆದು 2023ರಲ್ಲಿ ಪ್ರಕಟವಾದ ಇಂಟ್ರೆಸ್ಟ್ ಪ್ರಯೋಗದಲ್ಲಿ, ಗಂಭೀರ ಸ್ಥಿತಿಯ ರೋಗಿಗಳಿಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ನರಕ್ಕೆ ಕೊಟ್ಟಾಗ ಸಾವು, ಉಳಿದ ತೊಡಕು ಅಥವಾ ಇಳಿಯದ ಜ್ವರ ಎಂಬ ಒಟ್ಟು ಕೆಟ್ಟ ಫಲಿತಾಂಶ ನೂರಕ್ಕೆ 33ಕ್ಕೆ ಇಳಿಯಿತು; ಒಂದೊಂದೇ ಕೊಟ್ಟಲ್ಲಿ ಅದು 47, 48ರಷ್ಟಿತ್ತು. ಸಾವಿನ ಪ್ರಮಾಣದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ನಮ್ಮ ದೇಶದ ರೋಗಕ್ಕೆ ನಮ್ಮ ದೇಶದ ವೈದ್ಯರು ಮಾಡಿದ ಒಳ್ಳೆಯ ಕೆಲಸ ಅದು. ಆದರೂ ಆ ಹಂತ ಮುಟ್ಟಿದ ಮೇಲೆ ಮೂವರಲ್ಲಿ ಒಬ್ಬರ ಸ್ಥಿತಿ ಕೆಟ್ಟೇ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಇಲಿ ಕೊಂದರೆ ರೋಗ ಹೋದೀತೆಂಬ ಅಭಿಯಾನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾಕ್ಟೀರಿಯಾ ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಸಾಗುತ್ತದೆ. ನುಸಿಯೇ ಅದರ ಮನೆ. ಇಲಿ ಬರೀ ಊಟ.

ಇನ್ನು ಕರ್ನಾಟಕದ ಮಾತು. ಮಲೆನಾಡಿನಲ್ಲಿ ಉಣ್ಣೆ ಎಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ಜಗತ್ತಿಗೆ ಪರಿಚಯವಾದ ಆ ವೈರಸ್ ಜ್ವರದ ಭಯ ಸುಳ್ಳಲ್ಲ. ಮಂಗ ಸತ್ತರೆ ಊರೇ ಎಚ್ಚರಗೊಳ್ಳುತ್ತದೆ, ಇಲಾಖೆ ಉಣ್ಣೆ ದೂರವಿಡಲು ಮೈಗೆ ಸವರುವ ಎಣ್ಣೆ ಹಂಚುತ್ತದೆ, ರಕ್ತ ಪರೀಕ್ಷೆಗೆ ಹೋಗುತ್ತದೆ. ಪಾಸಿಟಿವ್ ಬಂದವರಿಗೆ ವ್ಯವಸ್ಥೆಯಿದೆ. ಅವರಿಗಿಂತ ಬಹಳ ಹೆಚ್ಚಿರುವ ನೆಗೆಟಿವ್ ಬಂದವರು ಏನಾಗುತ್ತಾರೆ? ಅದೇ ಕಾಡು, ಅದೇ ತರಗೆಲೆ, ಅದೇ ದನ. ಉಣ್ಣೆಯ ಸ್ಪಾಟೆಡ್ ಫೀವರ್, ನುಸಿಯ ಸ್ಕ್ರಬ್ ಟೈಫಸ್ ಎರಡಕ್ಕೂ ಅಲ್ಲಿ ಆಸ್ಪದವಿದೆ, ಎರಡಕ್ಕೂ ಮದ್ದಿದೆ. ಮಂಗನ ಕಾಯಿಲೆಗೆ ನಿರ್ದಿಷ್ಟ ಮದ್ದಿಲ್ಲ. ಮದ್ದಿಲ್ಲದ್ದನ್ನು ಶ್ರದ್ಧೆಯಿಂದ ಹುಡುಕಿ, ಮದ್ದಿರುವುದನ್ನು ‘ವೈರಲ್ ಫೀವರ್’ ಎಂದು ಮನೆಗೆ ಕಳಿಸುವುದು ಎಂಥ ವಿವೇಕ? ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ 2014ರಿಂದ ಹಲವು ರಾಜ್ಯಗಳ ಸಣ್ಣ ಆಸ್ಪತ್ರೆಗಳಿಂದ ಜ್ವರದ ರೋಗಿಗಳ ರಕ್ತ ತರಿಸಿ ಒಂದೇ ಸಲಕ್ಕೆ ಹಲವು ರೋಗಗಳಿಗೆ ಪರೀಕ್ಷಿಸಿದ ಮಾದರಿ ನಮ್ಮ ಕಣ್ಣೆದುರಿಗೇ ಇತ್ತು. ಯೋಜನೆ ಮುಗಿದ ಮೇಲೆ ಅಂಥ ಪದ್ಧತಿಯನ್ನು ಸರ್ಕಾರಿ ಆಸ್ಪತ್ರೆಗಳ ದಿನನಿತ್ಯದ ಕೆಲಸವಾಗಿಸುವುದೇ ಮುಂದಿನ ಹೆಜ್ಜೆಯಾಗಬೇಕಿತ್ತು.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸರಿಯಾದ ಕೆಲಸ. ಡೆಂಗಿಯ ಮಟ್ಟಿಗೆ ಎಷ್ಟು ಜನರನ್ನು ಪರೀಕ್ಷಿಸಿದರು, ಎಷ್ಟು ಪಾಸಿಟಿವ್ ಎಂಬ ಲೆಕ್ಕ ಸಾರ್ವಜನಿಕರ ಮುಂದೆ ಬರುತ್ತದೆ. ಆ ಪಟ್ಟಿಗೆ ಸ್ಕ್ರಬ್ ಟೈಫಸ್ಸಿನ ಒಂದು ಸಾಲು ಸೇರಿಸಲಿ ಎಂಬುದು ನನ್ನ ಒತ್ತಾಯ: ಜಿಲ್ಲೆಯಲ್ಲಿ ಎಷ್ಟು ಜ್ವರದ ರೋಗಿಗಳಿಗೆ ಐಜಿಎಂ ಎಲೈಜಾ ಮಾಡಿದಿರಿ, ಎಷ್ಟು ಪಾಸಿಟಿವ್. ಎರಡನೆಯ ಸಂಖ್ಯೆಗಿಂತ ಮೊದಲನೆಯದು ಮುಖ್ಯ. ಮೊದಲನೆಯದು ಸೊನ್ನೆಯಾಗಿದ್ದರೆ ಎರಡನೆಯದಕ್ಕೆ ಅರ್ಥವಿಲ್ಲ. ವೈಲ್–ಫೆಲಿಕ್ಸ್ ಮಾತ್ರ ಮಾಡಿರುವ ಜಿಲ್ಲೆಗಳು ಹಾಗೆಂದು ಬರೆಯಲಿ.

ಓದುಗರಿಗೂ ಒಂದು ಮಾತು. ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಜ್ವರ ಐದನೇ ದಿನಕ್ಕೆ ಕಾಲಿಟ್ಟರೆ, ಡೆಂಗಿ, ಮಲೇರಿಯಾ ಎರಡೂ ಅಲ್ಲವೆಂದು ತಿಳಿದರೆ, ಕಳೆದ ಎರಡು ವಾರಗಳಲ್ಲಿ ಹುಲ್ಲು, ಹೊಲ, ಸೌದೆ ರಾಶಿಯಲ್ಲಿ ಕೈಯಾಡಿಸಿದ್ದನ್ನು ವೈದ್ಯರಿಗೆ ಹೇಳಿ, ಮೈಮೇಲೆ ಎಲ್ಲೇ ಕರಿ ಹೊಪ್ಪಳೆ ಇದ್ದರೂ ಸಂಕೋಚವಿಲ್ಲದೆ ತೋರಿಸಿ. ‘ಸ್ಕ್ರಬ್ ಟೈಫಸ್ ಇರಬಹುದೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ.